ಗೋಡೆಯ ಆಚೆ ದೊಡ್ಡಕ್ಕ, ಈಚೆ ಚಿಕ್ಕಕ್ಕ

ಬಂಗಾರಪೇಟೆ ಸ್ಟೇಷನ್ನಿಗೆ ಕೂಗಳತೆಯಲ್ಲಿದ್ದ ನಾರಾಯಣಮ್ಮನ ಮನೆಯಲ್ಲಿ ಕ್ರಿಸ್‌ಮಸ್ ಹಬ್ಬ ವರ್ಷಕ್ಕೆ ಏಳೆಂಟು ಸಲ ಬರುತ್ತಿತ್ತು. ಸಂಕ್ರಾಂತಿಗೆ ಒಂದು ಸಲ, ಯುಗಾದಿಗೆ ಒಂದು ಸಲ, ಗೌರಿಹಬ್ಬಕ್ಕೆ, ಮಾರ್ನಮಿಗೆ, ಆಮೇಲೆ ಹಸು ಕರು ಹಾಕಿದರೆ ಒಂದು ಸಲ. ಪಿತೃಪಕ್ಷದಲ್ಲಿ ತೀರಿಹೋದ ಗಂಡ ಬಚ್ಚಪ್ಪನಿಗೆ ಎಡೆ ಇಟ್ಟ ದಿನವೂ ಬಂದಿತ್ತು. ಮನೆಯಲ್ಲಿ ಹಾಡಿನ ಮಿಷನ್ ಇತ್ತು, ಅದಕ್ಕೆ ಹಾಕಲು ಇದ್ದ ರೆಕಾರ್ಡು ಒಂದೇ, ಆ ರೆಕಾರ್ಡು ಕ್ರಿಸ್‌ಮಸ್ಸಿನದು. ಹಬ್ಬದ ಹಾಡು ಹಬ್ಬಕ್ಕೆ ಹಾಕಿದರೆ ತಪ್ಪೇನು ಎಂದು ನಾರಾಯಣಮ್ಮ ಕೇಳುತ್ತಿದ್ದಳು. ಹಾಡು ಚೆನ್ನಾಗಿತ್ತು.

ಆ ಮಿಷನ್ ಬಂದದ್ದು ಚಿನ್ನದ ಗಣಿಯ ಊರಾದ ಊರಿಗಾಂನ ಒಂದು ಬಂಗಲೆಯಿಂದ. ನಾರಾಯಣಮ್ಮ ಅಲ್ಲಿ ಅಡುಗೆಮನೆಯ ಕೆಲಸಕ್ಕಿದ್ದಳು. ಬೆಳಗಿನ ಷಟ್ಲು ರೈಲಿಗೆ ಹೋಗುವಳು, ಸಂಜೆಯದಕ್ಕೆ ಬರುವಳು. ಅವಳ ಇಬ್ಬರು ಗಂಡುಮಕ್ಕಳೂ ಅದೇ ರೈಲಿನಲ್ಲಿ ಅದೇ ಊರಿಗಾಂಗೆ ಗಣಿ ಕೆಲಸಕ್ಕೆ ಹೋಗುತ್ತಿದ್ದರು. ದೊಡ್ಡವನು ಮುನಿಸ್ವಾಮಪ್ಪ ವರ್ಕ್‌ಷಾಪಿನಲ್ಲಿ, ಚಿಕ್ಕವನು ವೆಂಕಟೇಶಪ್ಪ ಅದಿರು ಅರೆಯುವ ಮಿಲ್ಲಿನಲ್ಲಿ. ಗಣಿ ಸರ್ಕಾರದ ಕೈಗೆ ಬಂದ ಮೇಲೆ ಬಿಳಿ ದೊರೆಗಳು ಒಬ್ಬೊಬ್ಬರಾಗಿ ಗಂಟುಮೂಟೆ ಕಟ್ಟಿದರು. ನಾರಾಯಣಮ್ಮನ ದೊರೆ ಕಡೆಕಡೆಯವನು, ಅರವತ್ತೆರಡನೇ ಇಸವಿಯಲ್ಲಿ ಹೋದ. ಹೋಗುವಾಗ ದೊರೆಸಾನಿ ತೋಟದವನಿಗೆ ಒಂದು ಕುರ್ಚಿ ಕೊಟ್ಟಳು, ಧೋಬಿಗೆ ಕನ್ನಡಿ ಕೊಟ್ಟಳು, ನಾರಾಯಣಮ್ಮನಿಗೆ ಹಾಡಿನ ಮಿಷನ್ ಕೊಟ್ಟಳು. ಯಾಕೆಂದರೆ ಹಿಂದಿನ ಕ್ರಿಸ್‌ಮಸ್ಸಿನಲ್ಲಿ ನಾರಾಯಣಮ್ಮ ಒದ್ದೆ ಕೈಯಲ್ಲಿ ಬಾಗಿಲಿಗೆ ಒರಗಿ ಆ ಹಾಡು ಕೇಳುತ್ತಾ ನಿಂತುಬಿಟ್ಟಿದ್ದಳು, ಒಳಗೆ ಒಲೆಯ ಮೇಲಿದ್ದ ಕೋಳಿ ಇದ್ದಿಲಾಗಿತ್ತು. ದೊರೆಸಾನಿ ಬೈದಿರಲಿಲ್ಲ. ಆ ದಿನ ಎಲ್ಲರೂ ಬ್ರೆಡ್ಡು ತಿಂದರು.

ಮಿಷನ್ ಅಂದರೆ ತಟ್ಟೆ ತಿರುಗುವ ಒಂದು ಪೆಟ್ಟಿಗೆ, ಅದರಿಂದ ಹೊರಟ ಎರಡು ವೈರು, ವೈರಿನ ತುದಿಗೆ ಎರಡು ಸಣ್ಣ ಪೆಟ್ಟಿಗೆ. ದನಿ ಬರುತ್ತಿದ್ದುದು ಈ ಸಣ್ಣ ಪೆಟ್ಟಿಗೆಗಳಿಂದ. ಹಾಡಿದವರು ಪೆನ್‌ರೋಸ್ ಸಿಸ್ಟರ್ಸ್ ಎಂಬ ಇಬ್ಬರು ಬಿಳಿ ಹೆಣ್ಣುಮಕ್ಕಳು. ರೆಕಾರ್ಡಿನ ಹೊದಿಕೆಯ ಮೇಲೆ ಅವರ ಚಿತ್ರ ಇತ್ತು. ಕೆಂಪು ಸ್ವೆಟರು ಹಾಕಿಕೊಂಡು ಬೆಳ್ಳಗಿನ ಗುಡ್ಡದ ಮೇಲೆ ನಿಂತಿದ್ದರು, ಮಧ್ಯೆ ಒಂದು ನಾಯಿ. ಗುಡ್ಡ ಯಾವುದು ಎಂದು ಬೀದಿಯಲ್ಲಿ ಚರ್ಚೆಯಾಗಲಿಲ್ಲ. ಅದು ಚಾಂಪಿಯನ್ ಗಣಿಯ ಕಡೆ, ಚಿನ್ನ ತೆಗೆದು ಉಳಿದ ಬಿಳಿ ಪುಡಿ ಸುರಿದ ಸೈನೈಡ್ ದಿಬ್ಬ ಎಂದು ಎಲ್ಲರಿಗೂ ಗೊತ್ತಿತ್ತು. ನಾಯಿಯನ್ನು ಅಲ್ಲಿಗೆ ಯಾಕೆ ಕರೆದುಕೊಂಡು ಹೋದರು ಎಂಬುದಷ್ಟೇ ಪ್ರಶ್ನೆ. ಹೆಸರಿಗೆ ನಾಲಿಗೆ ತಿರುಗದ್ದರಿಂದ ದಪ್ಪ ದನಿಯವಳು ದೊಡ್ಡಕ್ಕ ಆದಳು, ಸಣ್ಣ ದನಿಯವಳು ಚಿಕ್ಕಕ್ಕ ಆದಳು.

ಎಲ್ಲರಿಗೂ ಇಷ್ಟವಾದದ್ದು ಮೊದಲ ಮಗ್ಗುಲಿನ ಮೂರನೇ ಹಾಡು, ಆ ಮಗ್ಗುಲಿಗೆ ಅದೇ ಕಡೆಯದು. ಹಿಂದುಗಡೆ ಗಂಟೆ ಬಾರಿಸುತ್ತಿದ್ದರಿಂದ ಅದನ್ನು ಗಂಟೆ ಹಾಡು ಎನ್ನುತ್ತಿದ್ದರು. ಅದರ ಅರ್ಥವನ್ನು ದೊರೆಸಾನಿ ತನ್ನ ಹರಕುಮುರುಕು ತಮಿಳಿನಲ್ಲಿ ನಾರಾಯಣಮ್ಮನಿಗೆ ಹೇಳಿದ್ದಳು. ಚಳಿಗಾಲ, ಸಂಜೆ. ದೊಡ್ಡಕ್ಕ ಕೇಳುತ್ತಾಳೆ, ಬಾಗಿಲು ಹಾಕಿದೆಯಾ? ಚಿಕ್ಕಕ್ಕ ಹೇಳುತ್ತಾಳೆ, ಇಲ್ಲ, ಇನ್ನೂ ಒಬ್ಬರು ಬರುವುದಿದೆ. ದೊಡ್ಡಕ್ಕ ಮತ್ತೆ ಕೇಳುತ್ತಾಳೆ, ಚಿಕ್ಕಕ್ಕ ಮತ್ತೆ ಹಾಗೇ ಹೇಳುತ್ತಾಳೆ. ಹಾಡು ಪೂರ್ತಿ ಇದೇ. ಕಡೆಯಲ್ಲಿ ಇಬ್ಬರೂ ಒಟ್ಟಿಗೆ ಬಂದರು ಬಂದರು ಎನ್ನುತ್ತಾರೆ. ಯಾರು ಬಂದರು ಎಂದು ದೊರೆಸಾನಿ ಹೇಳಿದ್ದಳು, ನಾರಾಯಣಮ್ಮ ಮರೆತಿದ್ದಳು. ಯಾರೋ ನೆಂಟರು.

ಹೀಗೆ ಎರಡು ವರ್ಷ ನಡೆಯಿತು. ಆಮೇಲೆ ಮನೆ ಭಾಗವಾಯಿತು.

ಭಾಗಕ್ಕೆ ಕಾರಣ ಬದನೆಕಾಯಿ. ಇಬ್ಬರು ಸೊಸೆಯರು, ದೊಡ್ಡವಳು ಪಿಳ್ಳಮ್ಮ, ಚಿಕ್ಕವಳು ಕುಪ್ಪಂ ಕಡೆಯಿಂದ ಬಂದ ವೆಂಕಟರತ್ನಮ್ಮ, ಒಂದೇ ಒಲೆಯಲ್ಲಿ ಅಡುಗೆ ಮಾಡಿ ಒಂದೇ ಥರದ ಎರಡು ಕ್ಯಾರಿಯರಿಗೆ ತುಂಬಿ ಗಂಡಂದಿರ ಕೈಗೆ ಕೊಡುತ್ತಿದ್ದರು. ಒಂದು ದಿನ ರೈಲಿನಲ್ಲಿ ಕ್ಯಾರಿಯರು ಅದಲುಬದಲಾದವು. ಮುನಿಸ್ವಾಮಪ್ಪ ವರ್ಕ್‌ಷಾಪಿನಲ್ಲಿ ಕೂತು ತಮ್ಮನ ಕ್ಯಾರಿಯರು ತೆಗೆದರೆ ಮುದ್ದೆಯ ಕೆಳಗೆ ಎಣ್ಣೆಗಾಯಿ ಬದನೆಕಾಯಿ ಇತ್ತು. ಆವತ್ತಿನವರೆಗೆ ಅವನ ಮುದ್ದೆಯ ಕೆಳಗೆ ಏನೂ ಇದ್ದಿರಲಿಲ್ಲ. ಸಂಜೆ ಅವನು ಖಾಲಿ ಕ್ಯಾರಿಯರನ್ನು ಪಡಸಾಲೆಯ ಮಧ್ಯೆ ಇಟ್ಟು, "ಇದರಾಗೆ ಬದನೆಕಾಯಿ ಇತ್ತು," ಎಂದ. ಅಷ್ಟೇ ಮಾತು. ಆ ಅಷ್ಟು ಮಾತು ಹದಿನೈದು ದಿನ ಉರಿಯಿತು.

ಭಾಗ ಮಾಡಲು ಸೀನಪ್ಪ ಬಂದ. ಸೀನಪ್ಪ ರೈಲ್ವೆಯಲ್ಲಿ ಪಾಯಿಂಟ್ಸ್‌ಮನ್ ಆಗಿ ರಿಟೈರ್ ಆದವನು, ಸುತ್ತಮುತ್ತ ಯಾರ ಮನೆ ಒಡೆದರೂ ನ್ಯಾಯ ಹೇಳುವವನು ಅವನೇ. ಜೀವಮಾನವೆಲ್ಲ ಒಂದು ಹಳಿಯಿಂದ ಬಂದ ಗಾಡಿಯನ್ನು ಎರಡು ಹಳಿಗೆ ಕಳಿಸಿದ್ದವನಿಗೆ ಇದೇನೂ ಹೊಸದಲ್ಲ. ಅವನದೊಂದು ಸೂತ್ರ ಇತ್ತು. ಜೋಡಿ ಇರುವುದನ್ನು ತಲಾ ಒಂದು ಮಾಡು, ಒಂಟಿ ಇರುವುದನ್ನು ಹಿರಿಯನಿಗೆ ಕೊಡು. ಎರಡು ಕೊಳದಪ್ಪಲೆ, ತಲಾ ಒಂದು. ಎರಡು ಮಂಚ, ತಲಾ ಒಂದು. ಹಸು ಒಂದು, ಹಿರಿಯನಿಗೆ. ಕರು ಕಿರಿಯನಿಗೆ. ಹಿತ್ತಲ ಬಾವಿ ಇಬ್ಬರಿಗೂ ಸೇರಿದ್ದು. ಹಾಡಿನ ಮಿಷನ್ ಬಂತು. ಸೀನಪ್ಪ ಒಂದು ಸಲ ನೋಡಿ, "ತಟ್ಟೆ ಒಂದು, ಹಿರೀಕನಿಗೆ. ದನಿ ಪೆಟ್ಟಿಗೆ ಎರಡು. ದೇವರೇ ಭಾಗ ಮಾಡಿ ಕಳಿಸವ್ನೆ," ಎಂದ.

ಪಡಸಾಲೆಯ ನಡುವೆ ಮಣ್ಣಿನ ಗೋಡೆ ಎದ್ದಿತು. ಅದರಲ್ಲಿ ಬಾಗಿಲಿರಲಿಲ್ಲ. ನೆಲದ ಹತ್ತಿರ ವೈರು ತೂರಿಸಲು ನಿಂಬೆಹಣ್ಣಿನಷ್ಟು ಒಂದು ತೂತು ಬಿಟ್ಟರು. ಬೀದಿ ಕಡೆಯ ಜಗಲಿಯನ್ನು ಮಾತ್ರ ಭಾಗ ಮಾಡಲಿಲ್ಲ, ನಾರಾಯಣಮ್ಮ ಅಲ್ಲಿ ಚಾಪೆ ಹಾಸಿಕೊಂಡು ಕೂತುಬಿಟ್ಟಿದ್ದಳು. "ನೀನು ಯಾರ ಕಡೆ ಇರ್ತೀಯವ್ವಾ?" ಎಂದು ಸೀನಪ್ಪ ಕೇಳಿದಾಗ, "ನಾನು ಜೋಡಿಯಲ್ಲ, ಒಂಟಿಯಲ್ಲ. ಇಲ್ಲೇ ಇರ್ತೀನಿ," ಎಂದಳು. ಸೀನಪ್ಪನ ಸೂತ್ರದಲ್ಲಿ ಇದಕ್ಕೆ ಜಾಗ ಇರಲಿಲ್ಲ. ಅವನು ಎಲೆ ಅಡಿಕೆ ಹಾಕಿಕೊಂಡು ಎದ್ದುಹೋದ.

ಮೊದಲ ಹಬ್ಬಕ್ಕೆ ಮುನಿಸ್ವಾಮಪ್ಪ ರೆಕಾರ್ಡು ಹಾಕಿದ. ಅವನ ಪೆಟ್ಟಿಗೆಯಲ್ಲಿ ಚಿಕ್ಕಕ್ಕ ಒಬ್ಬಳೇ ಹಾಡಿದಳು. ದೊಡ್ಡಕ್ಕ ಇಲ್ಲ. ಅವನು ಪೆಟ್ಟಿಗೆ ತಟ್ಟಿದ, ಅಲ್ಲಾಡಿಸಿದ, ವೈರು ನಾಲಿಗೆಗೆ ತಾಗಿಸಿ ನೋಡಿ ಹಿಂದಕ್ಕೆ ಹಾರಿದ. ದೊಡ್ಡಕ್ಕ ಬರಲಿಲ್ಲ. ಅವಳು ಗೋಡೆಯ ಆಚೆ ವೆಂಕಟೇಶಪ್ಪನ ಮನೆಯಲ್ಲಿ ಹಾಡುತ್ತಿದ್ದಳು. ಗಂಟೆಗಳು ಚಿಕ್ಕಕ್ಕನ ಜೊತೆ ಈಚೆ ಬಂದಿದ್ದವು, ಡ್ರಮ್ಮು ದೊಡ್ಡಕ್ಕನ ಜೊತೆ ಆಚೆ ಹೋಗಿತ್ತು. ಆವತ್ತಿನಿಂದ ತಮ್ಮನ ಮನೆಯಲ್ಲಿ ದೊಡ್ಡಕ್ಕ, ಬಾಗಿಲು ಹಾಕಿದೆಯಾ ಹಾಕಿದೆಯಾ ಎಂದು ಕೇಳುತ್ತಲೇ ಇದ್ದಳು, ಯಾರೂ ಉತ್ತರ ಕೊಡುತ್ತಿರಲಿಲ್ಲ. ಅಣ್ಣನ ಮನೆಯಲ್ಲಿ ಚಿಕ್ಕಕ್ಕ ಯಾರೂ ಕೇಳದೆಯೇ ಇಲ್ಲ ಇಲ್ಲ ಎನ್ನುತ್ತಿದ್ದಳು.

ಪೂರ್ತಿ ಹಾಡು ಕೇಳಬೇಕಾದರೆ ಜಗಲಿಯ ಮೇಲೆ ನಾರಾಯಣಮ್ಮನ ಪಕ್ಕ ಕೂರಬೇಕಿತ್ತು. ಎರಡು ಮನೆಯ ಬೀದಿ ಬಾಗಿಲಿಂದಲೂ ಬಂದ ದನಿ ಅಲ್ಲಿ ಸೇರುತ್ತಿತ್ತು. ಜಗಲಿ ಚಿಕ್ಕದು. ಮೊದಲು ಬಂದವರಿಗೆ ಪೂರ್ತಿ ಹಾಡು, ಆಮೇಲೆ ಬಂದವರು ಯಾವುದಾದರೂ ಒಂದು ಮನೆಯೊಳಗೆ ಹೋಗಿ ಅರ್ಧ ಕೇಳುವುದು. ಹೀಗೆ ಕೇಳಿ ಕೇಳಿ ಬೀದಿ ಎರಡು ಪಾರ್ಟಿಯಾಯಿತು. ಪಾರ್ಟಿಗಳ ಜಗಳ ನಡೆಯುತ್ತಿದ್ದುದು ಸ್ಟೇಷನ್ ಎದುರಿನ ಕುಪ್ಪುಸ್ವಾಮಿಯ ಟೀ ಅಂಗಡಿಯಲ್ಲಿ. ಕುಪ್ಪುಸ್ವಾಮಿ ದೊಡ್ಡಕ್ಕನ ಕಡೆಯವನು. ಕ್ಯಾಸಂಬಳ್ಳಿಯಿಂದ ತರಕಾರಿ ಗಾಡಿ ಹೊಡೆದುಕೊಂಡು ಬರುತ್ತಿದ್ದ ಸೊಣ್ಣಪ್ಪ ಚಿಕ್ಕಕ್ಕನ ಕಡೆಯವನು.

"ಚಿಕ್ಕಕ್ಕ ಇಲ್ದಿದ್ರೆ ಆ ಹಾಡು ಉಪ್ಪಿಲ್ದ ಸಾರು ಕಣಣ್ಣಾ," ಎನ್ನುವನು ಸೊಣ್ಣಪ್ಪ.

"ಲೇ ಸೊಣ್ಣಾ, ನೀನು ಕೇಳಿರೋದೇ ಅರ್ಧ. ದೊಡ್ಡಕ್ಕನ ದನಿ ಐತಲ್ಲ, ಅದು ಅಡಿಪಾಯ. ಅಡಿಪಾಯ ಯಾರ ಕಣ್ಗೂ ಬೀಳಲ್ಲ."

"ಬೀಳ್ದೇ ಇದ್ಮೇಲೆ ಇದ್ರೇನು, ಬಿಟ್ರೇನು?"

"ನಿನ್ ಬುದ್ಧಿ ಇದ್ದಂಗೆ. ಅದೂ ಐತೆ ಅಂತಾರೆ, ಯಾರೂ ನೋಡಿಲ್ಲ."

ನಾರಾಯಣಮ್ಮ ಯಾವ ಪಾರ್ಟಿಗೂ ಸೇರಲಿಲ್ಲ. ಅವಳ ಕಣ್ಣು ಗೋಡೆಯ ತೂತಿನ ಮೇಲಿತ್ತು. ಮಕ್ಕಳಿಬ್ಬರೂ ಮಾತು ಬಿಟ್ಟಿದ್ದರು, ಷಟ್ಲಿನಲ್ಲಿ ಕೂಡ ಬೇರೆ ಬೇರೆ ಡಬ್ಬಿ ಹತ್ತುತ್ತಿದ್ದರು. ಆದರೆ ತೂತಿನಲ್ಲಿ ಒಂದು ವೈರಿತ್ತು. ದನಿ ಹೆಚ್ಚಾದರೆ ವೆಂಕಟೇಶಪ್ಪ ಆ ಕಡೆಯಿಂದ ವೈರನ್ನು ಎರಡು ಸಲ ಜಗ್ಗುತ್ತಿದ್ದ, ಮುನಿಸ್ವಾಮಪ್ಪ ಈ ಕಡೆ ಕಡಿಮೆ ಮಾಡುತ್ತಿದ್ದ. ಕಡಿಮೆಯಾದರೆ ಒಂದು ಸಲ ಜಗ್ಗಿದರೆ ಆಯಿತು. ಗೌರಿಹಬ್ಬದಲ್ಲಿ ಮುನಿಸ್ವಾಮಪ್ಪ ಬೇಕೆಂದೇ ಜೋರಾಗಿ ಇಟ್ಟ. ವೈರು ಅಲ್ಲಾಡಲಿಲ್ಲ. ಇನ್ನೂ ಜೋರು ಮಾಡಿದ. ಅಲ್ಲಾಡಲಿಲ್ಲ. ಅವನು ಸ್ವಲ್ಪ ಹೊತ್ತು ವೈರನ್ನೇ ನೋಡುತ್ತಾ ಕೂತು, ಹೆಂಡತಿಗೆ, "ಆ ಮನೆಯಾಗೆ ಯಾರೂ ಇಲ್ವೇನು ನೋಡು," ಎಂದ. ಪಿಳ್ಳಮ್ಮ ಹೋಗಿ ನೋಡಿದರೆ ವೆಂಕಟೇಶಪ್ಪ ಜ್ವರದಲ್ಲಿ ಮುಸುಕು ಹಾಕಿ ಮಲಗಿದ್ದ. ಮುನಿಸ್ವಾಮಪ್ಪ ನೋಡಲು ಹೋಗಲಿಲ್ಲ. ರೆಕಾರ್ಡು ನಿಲ್ಲಿಸಿದ. ಜ್ವರ ಬಿಡುವವರೆಗೆ ಮತ್ತೆ ಹಾಕಲಿಲ್ಲ. ಅವನ ಹಸುವಿನ ಹಾಲು ದಿನಾ ಜಗಲಿಯ ಮೇಲೆ ನಾರಾಯಣಮ್ಮನ ಚಾಪೆಯ ಪಕ್ಕ ಬಂದು ಕೂರುತ್ತಿತ್ತು, ಅವಳು ಅದನ್ನು ಆಚೆ ಮನೆಗೆ ದಾಟಿಸುತ್ತಿದ್ದಳು.

ಅದಕ್ಕೇ ಅವಳಿಗೆ ಆ ತೂತಿನ ಮೇಲೆ ಜೀವ. ಗಂಡ ಕಟ್ಟಿದ ಮನೆಯಲ್ಲಿ ಮುಚ್ಚದೆ ಉಳಿದಿದ್ದುದು ಅದೊಂದೇ.

ಅರವತ್ತೈದರ ದೀಪಾವಳಿ ಕಳೆದ ಮೇಲೆ ಕುಪ್ಪುಸ್ವಾಮಿ ಗಾಜಿನ ಲೋಟ ತರಲು ರಾಬರ್ಟ್‌ಸನ್‌ಪೇಟೆಗೆ ಹೋದ. ಲೋಟದ ಬದಲು ರೆಕಾರ್ಡು ತಂದ. ಹಳೇ ಸಾಮಾನಿನ ಅಂಗಡಿಯೊಂದರಲ್ಲಿ ಹಿತ್ತಾಳೆ ಚೊಂಬಿನ ಹಿಂದೆ ಅದು ಸಿಕ್ಕಿತ್ತು. ಅದೇ ಅಕ್ಕತಂಗಿ, ಅದೇ ಸ್ವೆಟರು, ಅದೇ ದಿಬ್ಬ, ಅದೇ ನಾಯಿ. ಒಂದೇ ಒಂದು ವ್ಯತ್ಯಾಸ. ನಾರಾಯಣಮ್ಮನ ಮನೆಯ ಹೊದಿಕೆಯ ನೆತ್ತಿಯ ಮೇಲೆ ಉದ್ದಕ್ಕೆ ಒಂದು ನೀಲಿ ಪಟ್ಟಿ ಇತ್ತು, ಇದರ ಮೇಲೆ ಇರಲಿಲ್ಲ. ಪಟ್ಟಿಯಲ್ಲಿ ಸ್ಟೀರಿಯೋ ಎಂದು ಬರೆದಿದೆ, ಪಟ್ಟಿ ಇಲ್ಲದ್ದು ಹಳೇ ಕಾಲದ್ದು, ಅದರಲ್ಲಿ ದನಿಗಳು ಬೇರೆ ಬೇರೆ ಇರುವುದಿಲ್ಲ ಎಂದು ಅಂಗಡಿಯವನು ಹೇಳಿದ್ದ. ಕುಪ್ಪುಸ್ವಾಮಿ ಅದನ್ನು ಎದೆಗೆ ಒತ್ತಿಕೊಂಡು ಷಟ್ಲಿನಲ್ಲಿ ನಿಂತೇ ಬಂದ. ಕೂತರೆ ಯಾರಾದರೂ ಒರಗಿಯಾರೆಂದು ಭಯ.

ಆ ರೆಕಾರ್ಡನ್ನು ಮುನಿಸ್ವಾಮಪ್ಪನ ಮಿಷನ್ನಿಗೆ ಹಾಕಿದರು. ಅಣ್ಣನ ಪೆಟ್ಟಿಗೆಯಲ್ಲಿ ದೊಡ್ಡಕ್ಕ ಚಿಕ್ಕಕ್ಕ ಇಬ್ಬರೂ ಹಾಡಿದರು. ಸೊಣ್ಣಪ್ಪ ಈ ಪೆಟ್ಟಿಗೆಗೆ ಕಿವಿ ಕೊಟ್ಟ, ಎದ್ದು ಜಗಲಿ ಬಳಸಿ ಆಚೆ ಮನೆಗೆ ಓಡಿದ, ಆ ಪೆಟ್ಟಿಗೆಗೆ ಕಿವಿ ಕೊಟ್ಟ, ಮತ್ತೆ ಈಚೆ ಓಡಿಬಂದ. "ಅಲ್ಲೂ ಇಬ್ರೂ ಅವ್ರೆ! ಇಲ್ಲೂ ಇಬ್ರೂ ಅವ್ರೆ! ಒಟ್ಟು ನಾಕು ಜನ ಆದ್ರು!"

ನಗುವುದನ್ನೇ ಮರೆತಿದ್ದ ಮುನಿಸ್ವಾಮಪ್ಪ, "ಇದು ಹಾಡು," ಎಂದ. ಗೋಡೆಯ ಆಚೆ ವೆಂಕಟೇಶಪ್ಪ ಹೆಂಡತಿಗೆ ಹೇಳುವ ನೆಪದಲ್ಲಿ ಗಟ್ಟಿಯಾಗಿ, "ಇದು ಹಾಡು," ಎಂದ. ಭಾಗವಾದ ಮೇಲೆ ಅಣ್ಣತಮ್ಮಂದಿರು ಒಪ್ಪಿದ ಮೊದಲ ಮಾತು ಅದು. ನಾರಾಯಣಮ್ಮನಿಗೆ ಒಂದು ಗಳಿಗೆ ಸಂತೋಷವಾಯಿತು. ಒಂದೇ ಗಳಿಗೆ.

"ಇನ್ನು ಆ ಮನೆ ವೈರು ನಮಗ್ಯಾಕೆ?" ವೆಂಕಟೇಶಪ್ಪ ಗೋಡೆಗೆ ಹೇಳಿದ. "ನಾನೇ ಒಂದು ಮಿಷನ್ ತಂದ್ಕೋತೀನಿ. ಇಂಥ ರೆಕಾರ್ಡಾದ್ರೆ ಒಂದೇ ಪೆಟ್ಟಿಗೆ ಸಾಕು. ಭಾನುವಾರ ಗಾರೆ ಕಲಸಿ ತೂತು ಮುಚ್ಚಿಬಿಡ್ತೀನಿ."

"ಮುಚ್ಲಿ ಅನ್ನು," ಮುನಿಸ್ವಾಮಪ್ಪ ಪಿಳ್ಳಮ್ಮನಿಗೆ ಹೇಳಿದ. "ಜಿರಳೆ ಬರೋದಾದ್ರೂ ತಪ್ತದೆ."

ಭಾನುವಾರಕ್ಕೆ ಇನ್ನೆರಡು ದಿನ ಇತ್ತು. ಶುಕ್ರವಾರ ವೆಂಕಟೇಶಪ್ಪ ಒಂದು ಪುಟ್ಟಿ ಸುಣ್ಣ ತಂದು ಜಗಲಿಯ ಮೂಲೆಯಲ್ಲಿ ಇಟ್ಟ. ನಾರಾಯಣಮ್ಮ ಆ ಪುಟ್ಟಿಯನ್ನು ನೋಡುತ್ತಾ ಊಟ ಮಾಡಿದಳು, ಅದನ್ನೇ ನೋಡುತ್ತಾ ಎಲೆ ಅಡಿಕೆ ಜಗಿದಳು. ಅತ್ತು ಕರೆದು ಮಕ್ಕಳನ್ನು ಒಂದು ಮಾಡುವ ಹೆಂಗಸಲ್ಲ ಅವಳು. ಅದನ್ನು ಭಾಗದ ಸಮಯದಲ್ಲಿ ಒಂದು ಸಲ ಮಾಡಿ ನೋಡಿದ್ದಳು, ಗೋಡೆ ಇನ್ನೂ ಬೇಗ ಎದ್ದಿತ್ತು. ಈಗ ಯೋಚಿಸಿದಳು. ಪಟ್ಟಿ ಇಲ್ಲದ ರೆಕಾರ್ಡು ನಿಜವಾದ ಹಾಡು ಅಂತ ಆದರೆ ಇಬ್ಬರಿಗೂ ಎಲ್ಲ ಸಿಕ್ಕಿತು, ಒಬ್ಬರಿಗೊಬ್ಬರು ಬೇಕಿಲ್ಲ, ತೂತು ಮುಚ್ಚಿತು. ಪಟ್ಟಿ ಇರುವುದು ನಿಜವಾದ ಹಾಡು ಅಂತ ಆದರೆ ವೈರು ಇರಲೇಬೇಕು. ಶನಿವಾರ ಬೆಳಗ್ಗೆ ಸೀನಪ್ಪನಿಗೆ ಹೇಳಿಕಳಿಸಿದಳು. ನ್ಯಾಯ ಇದೆ, ಸಂಜೆ ಬರಬೇಕು.

"ಯಾರ್ದಮ್ಮ ನ್ಯಾಯ?" ಸೀನಪ್ಪ ಬಂದವನೇ ಕೇಳಿದ.

"ಆ ಇಬ್ರು ಅಕ್ಕತಂಗೀರ್ದು," ಎಂದಳು ನಾರಾಯಣಮ್ಮ. "ಎರಡು ರೆಕಾರ್ಡವೆ. ಯಾವುದು ಸರಿ ಅಂತ ತೀರ್ಮಾನ ಆಗ್ಲಿ. ಗಾರೆ ಆಮೇಲೆ."

ಸಂಜೆ ಬೀದಿಯ ಜನವೆಲ್ಲ ಸೇರಿತು. ಸೀನಪ್ಪನನ್ನು ಜಗಲಿಯ ನಡುವೆ ಕೂರಿಸಿದರು. ಅಣ್ಣ ತನ್ನ ಬಾಗಿಲಲ್ಲಿ ನಿಂತ, ತಮ್ಮ ತನ್ನ ಬಾಗಿಲಲ್ಲಿ ನಿಂತ. ಮೊದಲು ಕುಪ್ಪುಸ್ವಾಮಿಯ ರೆಕಾರ್ಡಿನ ಗಂಟೆ ಹಾಡು ಹಾಕಿದರು, ಆಮೇಲೆ ನಾರಾಯಣಮ್ಮನದು. ಸೀನಪ್ಪ ಕಣ್ಣು ಮುಚ್ಚಿಕೊಂಡು ಕೇಳಿದ. ನಿದ್ದೆ ಹೋದನೇನೋ ಎಂದು ಯಾರೋ ತಟ್ಟಿದರು. ಹೋಗಿರಲಿಲ್ಲ.

"ನಂದೇ ಸರಿ," ಕುಪ್ಪುಸ್ವಾಮಿ ಶುರುಮಾಡಿದ. ಅವನಿಗೆ ಈಗ ದೊಡ್ಡಕ್ಕ ಚಿಕ್ಕಕ್ಕ ಎಂಬ ಭೇದ ಇರಲಿಲ್ಲ, ತನ್ನ ರೆಕಾರ್ಡು ಎಂಬುದೊಂದೇ ಇತ್ತು. "ಎಲ್ಲಿ ಕುಂತ್ರೂ ಪೂರ್ತಿ ಹಾಡು. ಮುದ್ದೆ ಇದ್ದಂಗೆ. ಯಾವ ಕಡೆ ಮುರಿದ್ರೂ ಮುದ್ದೆನೇ."

"ಮುದ್ದೆ ಸರಿ ಕಣಪ್ಪಾ, ಸಾರೆಲ್ಲಿ?" ಎಂದ ಸೊಣ್ಣಪ್ಪ. "ನಿನ್ ರೆಕಾರ್ಡ್ನಾಗೆ ಚಿಕ್ಕಕ್ಕನ್ನ ದೊಡ್ಡಕ್ಕನ ಸೆರಗಿನ ಹಿಂದೆ ನಿಲ್ಲಿಸವ್ರೆ. ಗಂಟೆ ದೂರದ ಗುಡೀಲಿ ಹೊಡೆದಂಗದೆ. ನಮ್ಮದ್ರಾಗೆ ಆ ಗಂಟೆ ಕಿವಿಯಾಗೇ ಹೊಡೀತದೆ."

"ಡ್ರಮ್ಮು?"

"ಡ್ರಮ್ಮು ನಿಂದ್ರಾಗೆ ಚೆನ್ನಾಗೈತೆ. ಇಲ್ಲ ಅನ್ನಲ್ಲ."

"ಕಡೇ ಸಲ ಬಂದ್ರು ಬಂದ್ರು ಅನ್ನೋವಾಗ ನಮ್ಮದ್ರಾಗೆ ಚಿಕ್ಕಕ್ಕ ಒಂದು ಉಸ್ರು ತಕೊಂತಾಳೆ," ಎಂದಳು ಪಿಳ್ಳಮ್ಮ, ಗಂಡನ ಹಿಂದಿನಿಂದ. "ಅದು ಅವರದ್ರಾಗೆ ಇಲ್ಲ."

"ಉಸ್ರು ಕೇಳೋಕೆ ರೆಕಾರ್ಡ್ ಬೇಕಾ? ನಮ್ಮ ಬಾವನ ಪಕ್ಕ ಕುಂತ್ರೆ ಸಾಲ್ದಾ?" ಎಂದಳು ವೆಂಕಟರತ್ನಮ್ಮ ಆ ಬಾಗಿಲಿಂದ. ಜನ ನಕ್ಕರು. ಪಿಳ್ಳಮ್ಮನೂ ನಕ್ಕು, ತಕ್ಷಣ ನೆನಪಾಗಿ ಮುಖ ಗಂಟುಹಾಕಿಕೊಂಡಳು. ಇಬ್ಬರು ಸೊಸೆಯರೂ ಅದುವರೆಗೆ ಒಬ್ಬರೊಡನೊಬ್ಬರು ಮಾತಾಡುತ್ತಿರಲಿಲ್ಲ.

ಸೀನಪ್ಪ ಕೈ ಎತ್ತಿದ. "ಯಜಮಾನಿತಿ ಏನಂತಾಳೆ?"

ನಾರಾಯಣಮ್ಮ ಎಲೆಯ ಚೂರನ್ನು ಉಗಿದು ಬಂದು ಕೂತಳು. "ಬಂಗಲೆಯಾಗೆ ಈ ಎರಡು ಪೆಟ್ಟಿಗೇನ ಬೆಂಕಿಗೂಡಿನ ಎರಡೂ ಪಕ್ಕ ಇಟ್ಟಿದ್ರು. ಎದುರಿಗೆ ಒಂದೇ ಸೋಫಾ. ದೊರೆ ದೊರೆಸಾನಿ ಮಾತಾಡ್ತಿರಲಿಲ್ಲ, ಗಣಿ ಕೈಬಿಟ್ಟಾಗಿಂದ ಒಂದೊಂದು ಸಲ ಎಂಟು ದಿನ ಮಾತಿರ್ತಿರಲಿಲ್ಲ. ಆದ್ರೆ ಈ ಹಾಡು ಕೇಳಬೇಕಾದ್ರೆ ನಡುವೇನೇ ಕೂರಬೇಕು. ನಡುವೆ ಇರೋದು ಅದೊಂದೇ ಸೋಫಾ. ಕೂರ್ತಿದ್ರು. ಅಷ್ಟೇ ನಂಗೊತ್ತಿರೋದು."

"ಅದು ದೊರೆಗಳ ಮಾತಾಯ್ತು," ಎಂದ ವೆಂಕಟೇಶಪ್ಪ. "ನಂಗೆ ನನ್ನ ಪಾಲಿನ ಹಾಡು ಪೂರ್ತಿ ಬೇಕು."

"ನಿನ್ನ ಪಾಲು ಅಂದ್ಯಲ್ಲಪ್ಪಾ, ಅಲ್ಲಿಗೇ ಬತ್ತೀನಿ," ನಾರಾಯಣಮ್ಮ ಸೀನಪ್ಪನ ಕಡೆ ತಿರುಗಿದಳು. "ಸೀನಣ್ಣಾ, ಆವತ್ತು ಹಿತ್ತಲ ಬಾವೀನ ಯಾಕೆ ಭಾಗ ಮಾಡ್ಲಿಲ್ಲ ನೀನು?"

"ಬಾವೀನ ಯಾರಾದ್ರೂ ಭಾಗ ಮಾಡ್ತಾರೇನಮ್ಮಾ? ಅಡ್ಡ ಗೋಡೆ ಹಾಕಿದ್ರೆ ನೀರು ಕೇಳ್ತದಾ? ಬಾವಿ ಯಾವತ್ತೂ ಇಬ್ರದೂ. ಸೇದೋ ದಾರೀನ ಒಬ್ರು ಮುಚ್ಚೋ ಹಂಗಿಲ್ಲ. ನಮ್ಮ ತಾತನ ಕಾಲದಿಂದ ಇದೇ ನ್ಯಾಯ."

"ಹಾಡು?"

ಸೀನಪ್ಪನ ಬಾಯಲ್ಲಿದ್ದ ಎಲೆ ಅಡಿಕೆ ನಿಂತಿತು.

"ನೀನು ಭಾಗ ಮಾಡಿದ್ದು ಪೆಟ್ಟಿಗೆ," ಎಂದಳು ನಾರಾಯಣಮ್ಮ. "ಹಾಡನ್ನ ಯಾರ ಪಾಲಿಗೆ ಹಾಕ್ದೆ?"

ಸೀನಪ್ಪ ಜಗಲಿಯ ಕೆಳಗೆ ಎಲೆ ಅಡಿಕೆ ಉಗಿದ. ತಾನು ಮಾಡಿದ ಭಾಗ ತಪ್ಪು ಎಂದು ಅವನು ಹುಟ್ಟಿದಾಗಿನಿಂದ ಹೇಳಿದವನಲ್ಲ. ಈಗಲೂ ಹೇಳಲಿಲ್ಲ. "ಪೆಟ್ಟಿಗೆ ಭಾಗ ಮಾಡಿದ್ದು ಸರಿಯಾಗೇ ಐತೆ," ಎಂದ. "ಹಾಡು ಭಾಗ ಆಗಿಲ್ಲ. ಭಾಗ ಆಗ್ದೇ ಇರೋದು ಒಟ್ಟು ಕುಟುಂಬದ್ದು. ಈ ಮನೇಗೆ ಬಂದಿರೋ ಹಾಡು ಪಟ್ಟಿ ಇರೋದು. ಕುಪ್ಪುಸ್ವಾಮಿದು ಹೊರಗಿನ ರೆಕಾರ್ಡು, ಅದಕ್ಕೂ ಈ ಮನೇಗೂ ಸಂಬಂಧ ಇಲ್ಲ, ಅವನು ತಕೊಂಡು ಹೋಗಿ ಟೀ ಅಂಗ್ಡೀಲಿ ಇಟ್ಕೊಳ್ಲಿ. ಪಟ್ಟಿ ಹಾಡು ಬಾವಿ ಲೆಕ್ಕ. ಅದು ಹೋಗಿಬರೋ ತೂತು ಸೇದೋ ದಾರಿ. ಮುಚ್ಚೋ ಹಂಗಿಲ್ಲ. ಅದರ ಉಸ್ತುವಾರಿ ಯಜಮಾನಿತೀದು."

ವೆಂಕಟೇಶಪ್ಪ ಏನೋ ಹೇಳಲು ಬಾಯಿ ತೆರೆದ. ನ್ಯಾಯ ಮುಗಿದಿತ್ತು. ಕುಪ್ಪುಸ್ವಾಮಿ ತನ್ನ ರೆಕಾರ್ಡನ್ನು ಪಂಚೆಯ ಚುಂಗಿನಿಂದ ಒರೆಸಿ ಎತ್ತಿಕೊಂಡು ಹೋದ. ಅದನ್ನು ಹಾಕಲು ಅವನ ಬಳಿ ಮಿಷನ್ ಇರಲಿಲ್ಲ. ಅಂಗಡಿಯ ಗೋಡೆಗೆ ಅಕ್ಕತಂಗಿಯರ ಚಿತ್ರ ಕಾಣುವಂತೆ ಮೊಳೆ ಹೊಡೆದು ತೂಗುಹಾಕಿ, "ಇದೇ ಒರಿಜಿನಲ್," ಎಂದು ರೈಲಿಳಿದು ಬಂದವರಿಗೆಲ್ಲ ಹೇಳುತ್ತಿದ್ದ. ಕೇಳದ ಹಾಡಿನ ಮೇಲೆ ಯಾರು ಜಗಳ ತೆಗೆಯುತ್ತಾರೆ? ಎಲ್ಲರೂ ಒಪ್ಪಿದರು.

ಭಾನುವಾರ ವೆಂಕಟೇಶಪ್ಪ ಸುಣ್ಣದ ಪುಟ್ಟಿಯನ್ನು ಒಳಗಿಟ್ಟ. ಸೋಮವಾರ ಮಕ್ಕಳು ಷಟ್ಲಿಗೆ ಹೋದ ಮೇಲೆ ನಾರಾಯಣಮ್ಮ ಈಳಿಗೆಮಣೆಯ ಹಿಂದಿದ್ದ ಸೌಟು ತೆಗೆದುಕೊಂಡು ಹೋಗಿ ತೂತಿನ ಪಕ್ಕ ಕೂತಳು. ಮಣ್ಣಿನ ಗೋಡೆ, ಸೌಟಿನ ಹಿಡಿಗೆ ಸುಲಭವಾಗಿ ಬರುತ್ತಿತ್ತು. ಸಂಜೆಗೆ ನಿಂಬೆಹಣ್ಣಿನಷ್ಟಿದ್ದ ತೂತು ಬೇಲದ ಹಣ್ಣಿನಷ್ಟಾಗಿತ್ತು.

"ಏನವ್ವಾ ಇದು?" ಎಂದ ಮುನಿಸ್ವಾಮಪ್ಪ.

"ದೊಡ್ಡಕ್ಕನ ದನಿ ಈಚೆ ಸರಿಯಾಗಿ ಬರ್ತಿರಲಿಲ್ಲ. ಉಸ್ತುವಾರಿ ನಂದಲ್ವಾ?"

ಸಂಕ್ರಾಂತಿಗೆ ಅದು ತೆಂಗಿನಕಾಯಿಯಷ್ಟಾಯಿತು. ಎಳ್ಳುಬೆಲ್ಲದ ಬಟ್ಟಲು ಆ ಕಡೆಯಿಂದ ಈ ಕಡೆಗೂ ಈ ಕಡೆಯಿಂದ ಆ ಕಡೆಗೂ ದಾಟಿತು. ದಾಟಿಸಿದವರು ಯಾರೆಂದು ಗಂಡಂದಿರು ಕೇಳಲಿಲ್ಲ. ಯುಗಾದಿಗೆ ಒಬ್ಬಟ್ಟಿನ ತಟ್ಟೆ ಅಡ್ಡಲಾಗಿ ತೂರುವಷ್ಟಾಯಿತು. ಗಂಟೆಗಳು ಆಚೆ ಹೋಗಲು ಜಾಗ ಸಾಲದು ಎಂದು ನಾರಾಯಣಮ್ಮ ಹೇಳಿದ್ದಳು. ಒಂದು ದಿನ ಆಚೆಯ ಕರು ಈಚೆಯ ಪಡಸಾಲೆಯಲ್ಲಿ ಸಿಕ್ಕಿತು. ಅದು ಯಾವ ದಾರಿಯಿಂದ ಬಂತು ಎಂದು ತಿಳಿಯಲು ಬಹಳ ಬುದ್ಧಿ ಬೇಕಿರಲಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಪಿಳ್ಳಮ್ಮ ತೂತಿನ ಈಚೆ ಕೂತು, ವೆಂಕಟರತ್ನಮ್ಮ ಆಚೆ ಕೂತು, ನಡುವೆ ಒಂದೇ ಮೊರ ಇಟ್ಟುಕೊಂಡು ರಾಗಿ ಹಸನು ಮಾಡುತ್ತಿದ್ದರು. ಬೆಳಗ್ಗೆ ಇಬ್ಬರ ಕ್ಯಾರಿಯರಿನಲ್ಲೂ ಮುದ್ದೆಯ ಕೆಳಗೆ ಬದನೆಕಾಯಿ ಇರತೊಡಗಿತು. ಮುನಿಸ್ವಾಮಪ್ಪ ತಿಂದ.

ಅಣ್ಣತಮ್ಮಂದಿರ ಮಾತು ಮಾತ್ರ ಶುರುವಾಗಲಿಲ್ಲ.

ಅರವತ್ತಾರರ ಡಿಸೆಂಬರಿನಲ್ಲಿ, ಒಂದು ಸಲವಾದರೂ ಆ ರೆಕಾರ್ಡನ್ನು ಅದರ ಹಬ್ಬದ ದಿನವೇ ಹಾಕೋಣ ಎಂದು 'ಒರಿಜಿನಲ್' ಧಣಿ ಕುಪ್ಪುಸ್ವಾಮಿಯೇ ಹೇಳಿದ. ಗಣಿಗೆ ರಜೆ, ಇಬ್ಬರೂ ಮನೆಯಲ್ಲಿದ್ದರು. ತೂತು ಆ ಹೊತ್ತಿಗೆ ಬಾಗಿಲಿನಷ್ಟಾಗಿತ್ತು. ಪೂರ್ತಿ ಬಾಗಿಲಲ್ಲ, ಎದೆಯ ಎತ್ತರಕ್ಕೆ ಬಂದು ನಿಂತಿತ್ತು. ನಾರಾಯಣಮ್ಮ ಅಲ್ಲಿಂದ ಮೇಲಕ್ಕೆ ಕೆರೆದಿರಲಿಲ್ಲ. "ಮೇಲಕ್ಕೂ ತೆಗೀಬಾರ್ದಾ ಅತ್ತೇ, ಬಗ್ಗಿ ಬಗ್ಗಿ ಸೊಂಟ ಹೋಯ್ತು," ಎಂದು ವೆಂಕಟರತ್ನಮ್ಮ ಗೊಣಗಿದರೆ, "ದನಿಗೆ ಇಷ್ಟೇ ಬೇಕಾಗಿರೋದು," ಎನ್ನುತ್ತಿದ್ದಳು.

ಗಂಟೆ ಹಾಡು ಶುರುವಾಯಿತು. ದೊಡ್ಡಕ್ಕ ಕೇಳಿದಳು, ಚಿಕ್ಕಕ್ಕ ಹೇಳಿದಳು. ಎರಡನೇ ಸಲ ಕೇಳುವಾಗ ದೊಡ್ಡಕ್ಕನ ದನಿ ಕರಕರ ಎಂದು ನಿಂತುಹೋಯಿತು. ಆಚೆ ಪೆಟ್ಟಿಗೆಯ ವೈರು ಸಡಿಲವಾಗಿತ್ತು. ಈಚೆ ಚಿಕ್ಕಕ್ಕ ಒಬ್ಬಳೇ ಇಲ್ಲ ಇಲ್ಲ ಎನ್ನತೊಡಗಿದಳು. ವೈರು ಕೂಡಿಸುವುದು ವರ್ಕ್‌ಷಾಪಿನವನಾದ ಮುನಿಸ್ವಾಮಪ್ಪನಿಗೆ ಗೊತ್ತಿತ್ತು, ಮಿಲ್ಲಿನ ವೆಂಕಟೇಶಪ್ಪನಿಗೆ ಗೊತ್ತಿರಲಿಲ್ಲ. ಅವನು ಆಚೆಯಿಂದ ವೈರನ್ನು ಒಂದು ಸಲ ಜಗ್ಗಿದ. ಮತ್ತೊಂದು ಸಲ ಜಗ್ಗಿದ. ಆಮೇಲೆ ಸುಮ್ಮನೆ ಜಗ್ಗುತ್ತಲೇ ಇದ್ದ.

ಜಗಲಿಯ ಮೇಲೆ ನಾರಾಯಣಮ್ಮ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿದಳು. ಜಗಲಿ ಬಳಸಿ ಹೋಗಿದ್ದರೆ ಮುನಿಸ್ವಾಮಪ್ಪ ಅವಳ ಮುಂದೆ ಹಾದುಹೋಗಬೇಕಿತ್ತು. ಅವನು ಬರಲಿಲ್ಲ. ಒಳಗೆ ಅವನು ತಿರುಪುಳಿ ಹಿಡಿದುಕೊಂಡು ಎದ್ದು ನೇರ ಗೋಡೆಯ ಕಡೆ ನಡೆದಿದ್ದ. ಅವನು ಆ ದಾರಿಯಲ್ಲಿ ಯಾವತ್ತೂ ಹೋದವನಲ್ಲ, ಅಳತೆ ಗೊತ್ತಿರಲಿಲ್ಲ. ದಡ್ ಎಂದು ಹಣೆ ಬಡಿಯಿತು. ಗೋಡೆಯ ಮಣ್ಣು ಉದುರಿತು.

"ಬಗ್ಗಣ್ಣಾ," ಎಂದ ವೆಂಕಟೇಶಪ್ಪ ಆಚೆಯಿಂದ.

ಮುನಿಸ್ವಾಮಪ್ಪ ಹಣೆ ಉಜ್ಜಿಕೊಂಡ. "ಮೊದ್ಲೇ ಹೇಳಬಾರ್ದೇನ್ಲಾ," ಎಂದ. ಆಮೇಲೆ ಬಗ್ಗಿದ.

ದೊಡ್ಡಕ್ಕನ ದನಿ ಮತ್ತೆ ಬರುವ ಹೊತ್ತಿಗೆ ಅಕ್ಕತಂಗಿಯರು ಬಂದರು ಬಂದರು ಎಂಬಲ್ಲಿಗೆ ಬಂದಿದ್ದರು. ಆಮೇಲೆ ರೆಕಾರ್ಡಿನ ಆ ಮಗ್ಗುಲು ಮುಗಿದು ಮುಳ್ಳು ಕಡೆಯ ಗೆರೆಯಲ್ಲಿ ಕಿರ್ರ್ ಕಿರ್ರ್ ಎಂದು ಸುತ್ತುತ್ತಿತ್ತು. ಮಗುಚಿ ಹಾಕಬೇಕಾದ ಮುನಿಸ್ವಾಮಪ್ಪ ಆಚೆ ಮನೆಯಲ್ಲಿದ್ದ, ಅವನ ಹಣೆಗೆ ವೆಂಕಟೇಶಪ್ಪ ಅರಿಸಿನ ಹಚ್ಚುತ್ತಿದ್ದ. ನಾರಾಯಣಮ್ಮನಿಗೆ ಆ ಕಿರ್ರ್ ಎನ್ನುವುದು ಕೇಳಿಸುತ್ತಿತ್ತು. ಮುಳ್ಳು ಸವೆಯುತ್ತದೆ ಎಂದೂ ಗೊತ್ತಿತ್ತು. ಅವಳು ಏಳಲಿಲ್ಲ, ಇನ್ನೊಂದು ಅಡಿಕೆ ತೆಗೆದುಕೊಂಡಳು.